ಒಂದು ಪ್ರಾಜೆಕ್ಟನ್ನೂ ಮಾಡದೆ ಮುಗಿದ ಪ್ರಾಜೆಕ್ಟ್ ತರಬೇತಿ

ಎರಡು ದಿನದ ತರಬೇತಿ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಬಸ್ಸಿನಲ್ಲೇ ಬರೆಯಲು ಹೊರಟಿದ್ದೆ, ಕೋಪ ಸ್ವಲ್ಪ ಇಳಿಯಲಿ ಎಂದು ತಡೆದೆ. ಇಳಿದಿಲ್ಲ.

ವಿಷಯ ಯೋಜನಾಧಾರಿತ ಕಲಿಕೆ, ಅಂದರೆ ಪ್ರಾಜೆಕ್ಟ್ ಮಾಡುತ್ತಲೇ ಕಲಿಯುವುದು. ಸುತ್ತಮುತ್ತಲಿನ ಐವತ್ತು ಶಿಕ್ಷಕರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಎರಡು ದಿನ ಪರದೆ ನೋಡಿದೆವು. ಮಗು ಮಾಡಿ ಕಲಿಯಬೇಕು ಎಂಬುದನ್ನು ಕೇಳಿ ಬರೆದುಕೊಂಡೆವು. ಯೋಜನಾ ವಿಧಾನದ ಬಗ್ಗೆ 1918ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ ಬರೆದರು ಎಂಬುದನ್ನು ಬಿ.ಎಡ್. ಓದುವಾಗಲೇ ಬಾಯಿಪಾಠ ಮಾಡಿದ್ದೆ, ಈಗ ಮತ್ತೊಮ್ಮೆ ಬರೆದುಕೊಂಡೆ. ಒಂದು ಪ್ರಶ್ನೆ ಹಿಡಿದು ಹೊರಗೆ ಹೋಗಿ, ನಾಲ್ಕು ಜನರನ್ನು ಕೇಳಿ, ಅಳೆದು, ತಪ್ಪಿ, ಮತ್ತೆ ಅಳೆಯುವ ಕೆಲಸ ನಮ್ಮಲ್ಲಿ ಒಬ್ಬರಿಗೂ ಸಿಗಲಿಲ್ಲ.

ತರಬೇತಿ ಕೊಟ್ಟ ಸಂಪನ್ಮೂಲ ವ್ಯಕ್ತಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮಂತೆ ಪಾಠ ಮಾಡುವವರೇ. ಮೇಲಿನ ಹಂತದಲ್ಲಿ ಅವರಿಗೂ ಇದೇ ಪರದೆಯನ್ನು ತೋರಿಸಿದ್ದಾರೆ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹರಿದು ಬರುವಷ್ಟರಲ್ಲಿ, ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿದಷ್ಟೇ ನಮಗೂ ಮುಟ್ಟುತ್ತದೆ.

ಮಾಡಿ ನೋಡದ ಶಿಕ್ಷಕ ಮಕ್ಕಳಿಂದ ಏನು ಮಾಡಿಸುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೇ ಹಾಗೆ ಮಾಡಿಸಿದ್ದೇನೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ವರ್ಷದ ನಡುವೆ ಕಲಿಕೆಯನ್ನು ಅಳೆಯುವುದಕ್ಕೆ, ಪ್ರಾಜೆಕ್ಟ್ ತನ್ನಿ ಎಂದು ವರ್ಷಗಟ್ಟಲೆ ಹೇಳಿದೆ. ಮಕ್ಕಳು ಅಂಗಡಿಯಿಂದ ಚಿತ್ರದ ಹಾಳೆ ಕೊಂಡು ಅಂಟಿಸಿ, ಬಣ್ಣದ ರಟ್ಟು ಹಾಕಿ ತಂದರು. ಚೆಂದದ ರಟ್ಟಿಗೆ ಹೆಚ್ಚು ಅಂಕ ಕೊಟ್ಟೆ. ಕೂಲಿಗೆ ಹೋಗುವವರ ಮನೆಯ ಹುಡುಗನೊಬ್ಬ, ತನ್ನ ಊರಿನ ಎತ್ತುಗಳಿಗೆ ಬರುವ ರೋಗಗಳನ್ನು ಅಜ್ಜನಿಂದ ಕೇಳಿ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದ. ಅವನಿಗೆ ಕಡಿಮೆ ಅಂಕ ಹಾಕಿದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ನಮ್ಮ ಬಿಸಿಯೂಟ. ಏಳನೆಯ ತರಗತಿಯವರು ಒಂದು ದಿನ, "ಇಷ್ಟೊಂದು ಅನ್ನ ಏಕೆ ಚೆಲ್ಲುತ್ತೇವೆ?" ಎಂದು ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ. ಹದಿನೈದು ದಿನ ತೂಗಿ ನೋಡೋಣ ಎಂದೆ. ತರಕಾರಿ ಅಂಗಡಿಯಿಂದ ತೂಕದ ಯಂತ್ರ ಕೇಳಿ ತಂದರು. ಮೊದಲ ಮೂರು ದಿನ ಬಕೆಟ್ಟಿನ ತೂಕವನ್ನು ಕಳೆಯುವುದನ್ನೇ ಮರೆತಿದ್ದರು, ನನಗೂ ಹೊಳೆದಿರಲಿಲ್ಲ. ಅದನ್ನು ಹಿಡಿದವಳು ಲೆಕ್ಕವೆಂದರೆ ಹೆದರುತ್ತಿದ್ದ ಹುಡುಗಿ. ತರಗತಿವಾರು ಬೇರೆ ಬೇರೆ ತೂಗಿದಾಗ ಹೆಚ್ಚು ಚೆಲ್ಲುತ್ತಿದ್ದವರು ಒಂದು, ಎರಡನೆಯ ತರಗತಿಯ ಪುಟಾಣಿಗಳು ಎಂದು ತಿಳಿಯಿತು. ಐದನೆಯ ತರಗತಿಯವರೆಗೆ ಮಗುವೊಂದಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ ಎಂಬುದು ಲೆಕ್ಕ. ಬಡಿಸುವ ಸೌಟು ಮಾತ್ರ ಎಲ್ಲರಿಗೂ ಒಂದೇ! ಮಕ್ಕಳು ಅಡುಗೆಯಮ್ಮನ ಬಳಿ ಹೋಗಿ, ಚಿಕ್ಕವರಿಗೆ ಚಿಕ್ಕ ಸೌಟು, ಬೇಕೆಂದವರಿಗೆ ಎರಡನೆಯ ಸಲ ಎಂದು ಒಪ್ಪಿಸಿ ಬಂದರು. ಸರಾಸರಿ, ದಶಾಂಶ, ನಕ್ಷೆ, ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿ ಮನವಿ ಪತ್ರ, ಎಲ್ಲವೂ ಆ ಬಕೆಟ್ಟಿನ ಸುತ್ತಲೇ ನಡೆದುಹೋಯಿತು. ಉತ್ತರ ಗೊತ್ತಿಲ್ಲದೆ ಮಕ್ಕಳ ಜೊತೆ ನಿಲ್ಲುವುದು ಹೇಗೆ ಎಂಬುದನ್ನು ನಾನು ಕಲಿತದ್ದು ಅಲ್ಲಿ, ಯಾವ ತರಬೇತಿಯಲ್ಲೂ ಅಲ್ಲ.

ಪಾಠ ಮುಗಿಸುವುದಕ್ಕೇ ಸಮಯವಿಲ್ಲ, ಇದನ್ನೆಲ್ಲ ಯಾವಾಗ ಮಾಡಿಸುವುದು ಎಂದು ಇಂದು ಊಟದ ಸಾಲಿನಲ್ಲಿ ಗೆಳೆಯರೊಬ್ಬರು ಕೇಳಿದರು. ಒಬ್ಬರೇ ಶಿಕ್ಷಕರಿರುವ ಶಾಲೆಯವರು ಹೀಗೆ ಕೇಳಿದರೆ ನಾನು ಸುಮ್ಮನಾಗುತ್ತೇನೆ, ಅವರ ಕಷ್ಟ ಬೇರೆ. ಉಳಿದವರ ಮಾತನ್ನು ಒಪ್ಪಲಾರೆ. ದಶಾಂಶದ ಪಾಠವನ್ನು ಮೂರು ಸಲ ಮಾಡಿಯೂ ತಲೆಗೆ ಹೋಗದಿದ್ದಾಗ ಹೋದ ಸಮಯ ಯಾರ ಲೆಕ್ಕಕ್ಕೆ? ತರಬೇತಿಗೇ ಸಮಯವಿಲ್ಲ ಎಂಬುದೂ ನಿಜವಲ್ಲ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿ ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಅದರಲ್ಲಿ ಇಪ್ಪತ್ತು ಗಂಟೆ ನಮ್ಮನ್ನು ಬೀದಿಗೆ, ಸಂತೆಗೆ, ಹೊಲಕ್ಕೆ ಕಳಿಸಲಿ.

ಆಗದ ಮಾತೇನೂ ಅಲ್ಲ ಇದು. ಚಿಕ್ಕ ತರಗತಿಯ ಮಕ್ಕಳು ನಲಿಯುತ್ತ, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ವಿಧಾನ 1995ರಲ್ಲಿ ಮೊಳೆತದ್ದು ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ಕಂಡರು, ಮರಳಿ ಬಂದು ಕಾರ್ಡುಗಳನ್ನೂ, ಅವುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಕಲಿಕೆಯ ಏಣಿಯನ್ನೂ ತಾವೇ ಕುಳಿತು ರೂಪಿಸಿದರು. ರಾಜ್ಯಕ್ಕೆಲ್ಲ ಹಬ್ಬಿದ್ದು ಆಮೇಲೆ. ನಮ್ಮದೇ ನೆಲದ ಈ ಅನುಭವ ಕಣ್ಣೆದುರಿಗಿರುವಾಗ, ಪರದೆ ತೋರಿಸಿ ಕಳಿಸಿದರೆ ಸಾಕೆಂದು ಹೇಗೆ ತೀರ್ಮಾನಿಸುತ್ತಾರೆ?

ಸಂಜೆ ಅನಿಸಿಕೆಯ ಹಾಳೆ ಕೊಟ್ಟರು. ಊಟ, ಆಸನ, ಸಮಯಪಾಲನೆ ಹೇಗಿತ್ತು ಎಂದಿತ್ತು. ಹಾಳೆ ತಿರುಗಿಸಿ ಹಿಂದೆ ಬರೆದೆ: ಮುಂದಿನ ಸಲ ನಮ್ಮ ಕೈಗೆ ತೂಕದ ಯಂತ್ರ ಕೊಡಿ, ಹತ್ತಿರದ ಶಾಲೆಯೊಂದರ ಮಕ್ಕಳ ಜೊತೆ ಒಂದು ವಾರ ಬಿಡಿ. ಹೆಸರು ಬರೆಯಬೇಕಾಗಿರಲಿಲ್ಲ. ಬರೆದು, ಶಾಲೆಯ ವಿಳಾಸವನ್ನೂ ಹಾಕಿದ್ದೇನೆ.