ಎರಡೇ ಉಳಿಯೋವರೆಗೆ ಕಾಯೋದು ಬೇಡ

ಕೆನ್ಯಾದ ಓಲ್ ಪೆಜೆಟಾ ವನ್ಯಜೀವಿ ಧಾಮದ ಘೇಂಡಾಮೃಗಗಳ ಬಗ್ಗೆ ಲೇಖನ ಬರೆದದ್ದಕ್ಕೆ ವಂದನೆ ಸರ್. ಆದರೆ ಪ್ರಯೋಗಾಲಯದ ಭ್ರೂಣದಿಂದ ಉತ್ತರದ ಬಿಳಿ ಘೇಂಡಾ ಸಂತತಿ ಮರಳುತ್ತೆ ಅನ್ನೋದರಲ್ಲಿ ನಿಮಗಿರೋವಷ್ಟು ಭರವಸೆ ನನಗಿಲ್ಲ. 2018ರ ಮಾರ್ಚ್‌ನಲ್ಲಿ ಕೊನೆಯ ಗಂಡು ಸುಡಾನ್ ಸತ್ತಿತು. ಈಗ ಜಗತ್ತಲ್ಲೇ ಉಳಿದಿರೋದು ತಾಯಿ ನಾಜಿನ್, ಮಗಳು ಫಾಟು ಎರಡೇ; ಎರಡಕ್ಕೂ ಬಸಿರು ಹೊರುವ ಶಕ್ತಿಯಿಲ್ಲ. ದಕ್ಷಿಣದ ಬಿಳಿ ಘೇಂಡಾದ ಹೊಟ್ಟೆಯಲ್ಲಿ ಮರಿ ಬೆಳೆಸಿದರೂ, ಹಗಲೂ ರಾತ್ರಿ ಬಂದೂಕು ಹಿಡಿದ ಕಾವಲಿಲ್ಲದೆ ಅದು ಬದುಕೀತೇ? ಕಳ್ಳಬೇಟೆಗಾರರಿಗೆ ಬೇಕಿರೋದು ಅದರ ಕೊಂಬು; ಆ ಕೊಂಬೋ, ನಮ್ಮ ಉಗುರು, ಕೂದಲಲ್ಲಿರೋ ಕೆರಾಟಿನ್ ಅನ್ನೋ ವಸ್ತುವೇ. ಅಷ್ಟಕ್ಕಾಗಿ ಇಡೀ ಪ್ರಾಣಿಯನ್ನೇ ಕೊಲ್ತಾರೆ ಅಂದ್ರೆ ಕರುಳು ಚುರುಕ್ ಅನ್ನುತ್ತೆ.

ನಮ್ಮ ಸಾಗರದ ಕಡೆ ಘೇಂಡಾ ಇಲ್ಲ, ಸಿಂಗಳೀಕ ಅನ್ನೋ ಕೋತಿ ಇದೆ. ಶರಾವತಿ ಕೊಳ್ಳದಲ್ಲಿ 2019ರಲ್ಲಿ ಅದರ ಹೆಸರಲ್ಲೇ ಅಭಯಾರಣ್ಯ ಆಯ್ತು, ಸಂತೋಷ. ಆದರೆ ಸಿಂಗಳೀಕ ನೆಲಕ್ಕಿಳಿಯೋದೇ ಅಪರೂಪ, ಮರದಿಂದ ಮರಕ್ಕೇ ಹೋಗಬೇಕು. ರಸ್ತೆಗೆ, ಕರೆಂಟ್ ಲೈನಿಗೆ ಅಂತ ಕಾಡು ಸೀಳಿದರೆ ಗುಂಪುಗಳು ಒಂದೊಂದು ತುಂಡಲ್ಲೇ ಸಿಕ್ಕಿಹಾಕಿಕೊಳ್ತವೆ. ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ಕಾಡು ತಿರುಗೋ ವಾಚರ್‌ಗಳಿಗೆ ತಿಂಗಳ ಸಂಬಳ ತಪ್ಪದೆ ಸಿಗಬೇಕು, ಕೆಲಸ ಕಾಯಂ ಆಗಬೇಕು. ಮುಂದಿನ ಲೇಖನ ದಯವಿಟ್ಟು ಅವರ ಬಗ್ಗೆ ಬರೀರಿ.