ಚುಚ್ಚಿದ ಗಡ್ಡೆ ಕರಗಿದರೆ ಸಾಕೇ?

ನನ್ನ ದೊಡ್ಡಮ್ಮನ ಅಂಗಾಲಿನಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆಯೊಂದು ಎದ್ದಾಗ ಮನೆಯವರೆಲ್ಲ ಅದನ್ನು ಆಣಿ ಎಂದುಕೊಂಡೆವು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ತೊಡೆಸಂದಿಯಲ್ಲೂ ಗಂಟುಗಳು ಕೈಗೆ ಸಿಗುತ್ತಿದ್ದವು. ನಮ್ಮಲ್ಲಿ ಈ ಕ್ಯಾನ್ಸರ್ ವಿರಳ; ಬಂದರೂ ಅಂಗಾಲು, ಉಗುರಿನ ಬುಡದಂಥ ಕಡೆ ಬರುವುದು ಹೆಚ್ಚಾದ್ದರಿಂದ ಬಹಳ ಸಲ ತಡವಾಗಿಯೇ ಗೊತ್ತಾಗುತ್ತದೆ. ಅವರು ತೀರಿಕೊಂಡ ಮೇಲೂ, ಗಡ್ಡೆಗೇ ನೇರವಾಗಿ ಚುಚ್ಚುವ ಮದ್ದುಗಳ ಬಗ್ಗೆ ಓದುವುದನ್ನು ನಾನು ಬಿಟ್ಟಿಲ್ಲ. ಹಾಗಾಗಿ 2025ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆರ್‌ಪಿ1 ಎಂಬ ಅಂಥದೊಂದು ಮದ್ದಿಗೆ ಒಪ್ಪಿಗೆ ಕೊಡದೆ ಅರ್ಜಿಯನ್ನು ಹಿಂದಿರುಗಿಸಿದಾಗ ನನಗೆ ಸಂಕಟವಾಯಿತು. ಆದರೂ ಹೋಲಿಕೆಗೆ ಇನ್ನೊಂದು ಗುಂಪಿಲ್ಲದೆ ಮದ್ದಿನ ಗುಣವನ್ನು ಅಳೆಯುವುದು ಹೇಗೆ ಎಂದು ಅಂದು ಅದು ಎತ್ತಿದ ಪ್ರಶ್ನೆ ಸರಿಯಾದದ್ದು ಎಂದೇ ನಂಬಿದ್ದೇನೆ.

ವೈರಸ್ಸಿನಿಂದ ತಯಾರಿಸುವ ಈ ಬಗೆಯ ಮದ್ದುಗಳಲ್ಲಿ ಮೊದಲು ಎಫ್‌ಡಿಎ ಒಪ್ಪಿಗೆ ಪಡೆದದ್ದು, 2015ರಲ್ಲಿ, ಟಿ-ವೆಕ್. ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ಸಿನಿಂದ ಎರಡು ಜೀನ್‌ಗಳನ್ನು ತೆಗೆದು, ರೋಗನಿರೋಧಕ ಕಣಗಳನ್ನು ಕರೆತರುವ ಒಂದು ಜೀನನ್ನು ಸೇರಿಸಿ ಅದನ್ನು ತಯಾರಿಸುತ್ತಾರೆ. ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಸೀಸೆಯನ್ನು ಕರಗಿಸಿ, ಸೂಜಿಯನ್ನು ಪೂರ್ತಿ ಹೊರಗೆಳೆಯದೆ ಒಂದೇ ತೂತಿನಿಂದ ಬೀಸಣಿಗೆಯ ಕಡ್ಡಿಗಳಂತೆ ದಿಕ್ಕು ಬದಲಿಸುತ್ತಾ, ಗಡ್ಡೆಯ ಉದ್ದಗಲಕ್ಕೂ ಮದ್ದನ್ನು ಬಿಡುತ್ತಾರೆ. ಆಮೇಲೆ ಚಳಿಜ್ವರ, ಸುಸ್ತು. ವೈರಸ್ ಇನ್ನೊಬ್ಬರಿಗೆ ತಗಲಬಾರದೆಂದು ಚುಚ್ಚಿದ ಜಾಗವನ್ನು ಮುಚ್ಚಿಡಬೇಕು. ಮನೆಯಲ್ಲಿ ಬಸುರಿಯರಿದ್ದರೆ ಆ ಪಟ್ಟಿಯನ್ನು ಅವರು ಮುಟ್ಟಬಾರದು.

ಚುಚ್ಚಿದ ಗಡ್ಡೆ ವಾರಗಳಲ್ಲಿ ಕುಗ್ಗುವುದನ್ನು ಕಣ್ಣಾರೆ ಕಂಡ ರೋಗಿಗೂ ವೈದ್ಯರಿಗೂ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಆದರೆ ಮೆಲನೋಮಾ ಜೀವ ತೆಗೆಯುವುದು ಹೆಚ್ಚಾಗಿ ಸೂಜಿ ಸುಲಭವಾಗಿ ತಲುಪದ ಶ್ವಾಸಕೋಶ, ಯಕೃತ್ತು, ಮಿದುಳುಗಳಲ್ಲಿ. 436 ರೋಗಿಗಳ ಮೇಲೆ ನಡೆದ ಟಿ-ವೆಕ್ ಪ್ರಯೋಗದಲ್ಲಿ ಚುಚ್ಚಿದ ಗಡ್ಡೆಗಳ ಪೈಕಿ ಶೇ. 64ರಷ್ಟು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿದ್ದವು. ಒಳ ಅಂಗಗಳ ಗಡ್ಡೆಗಳಲ್ಲಿ ಹಾಗೆ ಇಳಿದದ್ದು ಶೇ. 15 ಮಾತ್ರ. ಆರು ತಿಂಗಳಿಗೂ ಮೀರಿ ನಿಂತ ಪರಿಣಾಮ ಶೇ. 16ರಷ್ಟು ಜನರಲ್ಲಿ ಕಂಡಿತು, ಹೋಲಿಕೆಗೆಂದು ಬೇರೆ ಔಷಧ ಪಡೆದ ಗುಂಪಿನಲ್ಲಿ ಶೇ. 2ರಲ್ಲಿ. ಇಂಥ ಹೋಲಿಕೆ ಇದ್ದುದರಿಂದಲೇ ಮದ್ದಿನ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದೆರಡೂ ತಿಳಿದವು.

ಆರ್‌ಪಿ1 ಪ್ರಯೋಗದಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಹಿಂದಿನ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಫಲಿಸದೆ ಹೋದ 140 ರೋಗಿಗಳಿಗೆ ಇದನ್ನೂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನೂ ಜೊತೆಗೂಡಿಸಿ ಕೊಟ್ಟಾಗ ಸುಮಾರು ಮೂರರಲ್ಲೊಬ್ಬರ ಗಡ್ಡೆಗಳು ಗಣನೀಯವಾಗಿ ಕುಗ್ಗಿದವು. ಅಂಥ ರೋಗಿಗಳಲ್ಲಿ ಗಡ್ಡೆ ತಾನಾಗಿ ಕರಗುವುದಿಲ್ಲ, ಹೋಲಿಸಲು ಇನ್ನೇನಿದೆ ಎಂದು ಕೇಳುವವರ ವಾದ ತೂಕದ್ದೇ. ಆದರೆ ರೋಗಿಗಳಲ್ಲಿ ಒಬ್ಬರಂತೆ ಒಬ್ಬರಿರಲಿಲ್ಲ; ಹಾಗಾಗಿ ಬಂದ ಫಲ ಮದ್ದಿನದೋ ರೋಗಿಗಳ ನಡುವಿನ ವ್ಯತ್ಯಾಸದ್ದೋ ಎಂದು ಹೇಳುವುದು ಕಷ್ಟ. ಜೊತೆಗೆ, ಕೊಟ್ಟ ಎರಡು ಔಷಧಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಹೇಗೆ?

ಟಿ-ವೆಕ್ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. ಅದನ್ನು ಪೆಂಬ್ರೊಲಿಝುಮ್ಯಾಬ್ ಎಂಬ ಇನ್ನೊಂದು ಇಮ್ಯುನೊಥೆರಪಿ ಔಷಧದ ಜೊತೆ 21 ರೋಗಿಗಳಿಗೆ ಕೊಟ್ಟಾಗ ಶೇ. 62ರಷ್ಟು ಜನರಲ್ಲಿ ಗಡ್ಡೆ ಕುಗ್ಗಿತೆಂದು 2017ರಲ್ಲಿ ವರದಿಯಾಯಿತು. ನಾನೂ ಆಗ ಹಿಗ್ಗಿದ್ದೆ. ಮುಂದೆ 692 ರೋಗಿಗಳನ್ನು ಎರಡು ಪಾಲು ಮಾಡಿ ಪರೀಕ್ಷಿಸಿದಾಗ, ಪೆಂಬ್ರೊಲಿಝುಮ್ಯಾಬ್ ಒಂದನ್ನೇ ಪಡೆದವರಿಗಿಂತ ಎರಡನ್ನೂ ಪಡೆದವರಲ್ಲಿ ರೋಗ ಮುಂದುವರಿಯದ ಅವಧಿಯಾಗಲಿ ಆಯುಷ್ಯವಾಗಲಿ ಖಚಿತವಾಗಿ ಹೆಚ್ಚಿದ್ದು ಕಾಣಲಿಲ್ಲ. ಹೋಲಿಕೆಯಿಲ್ಲದೆ ನಂಬಿದ್ದರೆ, ಕೈಲಾಗದ ಸಾವಿರಾರು ಜನ ಎರಡು ವಾರಕ್ಕೊಮ್ಮೆ ಸೂಜಿ ಚುಚ್ಚಿಸಿಕೊಳ್ಳಲು ಆಸ್ಪತ್ರೆಗೆ ಅಲೆಯುತ್ತಿದ್ದರು.

ಹಾಗೆಂದು ಹೋಲಿಕೆಯ ಗುಂಪಿನವರನ್ನು ಬರಿಗೈಯಲ್ಲಿ ಕೂರಿಸುವುದನ್ನು ನಾನು ಒಪ್ಪಲಾರೆ. ಅವರಿಗೆ ವೈದ್ಯರು ಆ ಹೊತ್ತಿಗೆ ಲಭ್ಯವಿರುವುದರಲ್ಲಿ ಉತ್ತಮವಾದುದನ್ನೇ ಆರಿಸಿ ಕೊಡಬೇಕು, ರೋಗ ಮುಂದುವರಿದರೆ ಹೊಸ ಮದ್ದಿನ ಗುಂಪಿಗೆ ದಾಟಲು ದಾರಿಯಿರಬೇಕು. ಹಾಗೆ ದಾಟಿದವರಿಂದ ಆಯುಷ್ಯದ ಲೆಕ್ಕ ಮಸುಕಾಗುತ್ತದೆಂಬುದು ನಿಜ. ಆ ನಷ್ಟವನ್ನು ಸಂಶೋಧಕರು ಹೊರಬೇಕೇ ಹೊರತು ರೋಗಿಯಲ್ಲ. ಚುಚ್ಚಿದ ಗಡ್ಡೆಗಳ ಫಲಿತಾಂಶವನ್ನೂ ಚುಚ್ಚದವುಗಳ ಫಲಿತಾಂಶವನ್ನೂ ಬೇರೆಬೇರೆಯಾಗಿ, ರೋಗಿ ಸಹಿ ಹಾಕುವ ಮೊದಲೇ, ಅವರ ಭಾಷೆಯಲ್ಲಿ ಅವರ ಮುಂದಿಡಬೇಕು. ದೊಡ್ಡಮ್ಮ ಬದುಕಿದ್ದಿದ್ದರೆ ಮೊದಲು ಕೇಳುತ್ತಿದ್ದುದು ತೊಡೆಸಂದಿಯ ಆ ಗಂಟುಗಳ ಬಗ್ಗೆಯೇ.