ಮೂಗಿಗೆ ಸೈಕಲ್ ಬಾಲ್ಸು

ಪ್ಲಾಸ್ಟಿಕ್ ವಿಮಾನ ಜೋಡಿಸುವವರ ಮನೆಗೆ ಬಂದವರೆಲ್ಲ ಹೇಳುವ ಮಾತು ಒಂದೇ: “ನಿಮಗೆ ತಾಳ್ಮೆ ಜಾಸ್ತಿ ಕಣ್ರೀ.” ತಾಳ್ಮೆ ಬೇಕು, ಒಪ್ಪಬಹುದು. ಆದರೆ ಮಹಾ ತಾಳ್ಮೆಯವರು ಜೋಡಿಸಿದ ವಿಮಾನವೂ ಕೊನೆಗೆ ಮೂಗು ಮೇಲೆತ್ತಿ ಬಾಲ ಊರಿಕೊಂಡು ಕೂತುಬಿಡುವುದುಂಟು. ಅಸಲಿ ವಿಮಾನ ಯಾಕೆ ಆ ಆಕಾರದಲ್ಲಿತ್ತು ಅಂತ ಗೊತ್ತಿದ್ದರೆ ಅರ್ಧ ತಾಳ್ಮೆ ಉಳಿತಾಯ.

ಬೆಂಗಳೂರಿನವರಿಗೆ ಇದನ್ನು ಕಲಿಯಲು ಡಿ ಹ್ಯಾವಿಲೆಂಡ್ ಕಂಪನಿಯ ವ್ಯಾಂಪೈರ್‌ಗಿಂತ ಒಳ್ಳೆಯ ವಿಮಾನ ಸಿಗದು. 1943ರ ಸೆಪ್ಟೆಂಬರ್ 20ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಮೊದಲ ಸಲ ಹಾರಿದ್ದು ಇದು. 1948ರಲ್ಲಿ ನಮ್ಮ ವಾಯುಪಡೆಗೆ ಬಂದ ಮೊದಲ ಜೆಟ್ ಕೂಡ ಇದೇ. ಆಮೇಲೆ ಎಚ್‌ಎಎಲ್‌ನಲ್ಲಿ ಲೈಸೆನ್ಸ್ ಮೇಲೆ ತಯಾರಾಯಿತು. ಹೀಗಾಗಿ ನಮ್ಮೂರಿನ ವಿಮಾನ ಅಂತ ಹೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಒಬ್ಬರೇ ಕೂರುವ ಎಫ್‌ಬಿ (ಫೈಟರ್-ಬಾಂಬರ್) ಮಾದರಿಯ ರೆಕ್ಕೆ ತುದಿಯಿಂದ ತುದಿಗೆ 11.58 ಮೀಟರ್. 1/72 ಅಳತೆಯ, ಅಂದರೆ ಅಸಲಿಗಿಂತ 72 ಪಟ್ಟು ಚಿಕ್ಕದಾದ ಕಿಟ್‌ನಲ್ಲಿ ಅದು 16 ಸೆಂಟಿಮೀಟರ್, ಉದ್ದ ಸುಮಾರು 13. ಅಂಗೈ ಮೇಲೆ ಇಟ್ಟುಕೊಂಡರೆ ರೆಕ್ಕೆಗಳು ಮಾತ್ರ ಆಚೆಈಚೆ ಚಾಚಿಕೊಳ್ಳುತ್ತವೆ.

ಮೊದಲ ಕಾಲದ ಜೆಟ್ ಎಂಜಿನ್‌ಗಳಿಗೆ ಕಸುವು ಕಡಿಮೆ. ಬಿಸಿಗಾಳಿಯನ್ನು ಉದ್ದನೆಯ ಕೊಳವೆಯಲ್ಲಿ ಹಾಯಿಸಿ ಬಾಲದವರೆಗೆ ಒಯ್ದರೆ ಇದ್ದ ಕಸುವೂ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅದಕ್ಕೇ ವ್ಯಾಂಪೈರ್‌ನ ಹೊಟ್ಟೆಯನ್ನು ಮೊಟಕು ಮಾಡಿ, ಬಾಲವನ್ನು ರೆಕ್ಕೆಯಿಂದ ಹಿಂದಕ್ಕೆ ಚಾಚಿದ ಎರಡು ತೆಳು ತೊಲೆಗಳ, ಅಂದರೆ ಬೂಮ್‌ಗಳ ತುದಿಗೆ ಸಿಕ್ಕಿಸಿದರು. ಎಂಜಿನಿಯರಿಗೆ ಅಲ್ಲಿಗೆ ಸಮಸ್ಯೆ ಮುಗಿಯಿತು, ಕಿಟ್ ಜೋಡಿಸುವವನಿಗೆ ಅಲ್ಲಿಂದ ಶುರು. ಅಸಲಿಯಲ್ಲಿ ಮೂಗಿನೊಳಗೆ ತೋಪು, ಉಪಕರಣ ಎಲ್ಲ ಇದ್ದು ತೂಕ ಸರಿಹೋಗುತ್ತದೆ. ಕಿಟ್‌ನಲ್ಲಿ ಮೂಗು ಟೊಳ್ಳು. ಬೂಮ್, ಬಾಲ ಎಲ್ಲವೂ ದೊಡ್ಡ ಚಕ್ರಗಳ ಹಿಂದೆ. ತೂಕ ತುಂಬದೆ ಮೂಗು ಮುಚ್ಚಿದರೆ ಅದರಡಿಯ ಮೂರನೇ ಚಕ್ರ ನೆಲ ಮುಟ್ಟುವ ಮಾತೇ ಇಲ್ಲ.

ತೂಕಕ್ಕೆ ಸೈಕಲ್ ಶಾಪಿನಲ್ಲಿ ಸಿಗುವ ಸ್ಟೀಲ್ ಬಾಲ್ಸು ಸಾಕು. ಹಿಂದಿನ ಚಕ್ರದ ಹಬ್ಬಿಗೆ ಹಾಕುವ ಕಾಲು ಇಂಚಿನದು ಒಂದೊಂದೂ ಸರಿಸುಮಾರು ಒಂದು ಗ್ರಾಂ ತೂಗುತ್ತದೆ, ಲೆಕ್ಕ ಸುಲಭ. ಎಷ್ಟು ಬೇಕು ಅಂತ ಊಹಿಸುವುದು ಬೇಡ. ಹೊಟ್ಟೆಯ ಎರಡು ಹೋಳು, ರೆಕ್ಕೆ, ಬೂಮ್, ಬಾಲ ಎಲ್ಲವನ್ನೂ ಅಂಟು ಹಾಕದೆ ಮಾಸ್ಕಿಂಗ್ ಟೇಪಿನಲ್ಲಿ ಕಟ್ಟಿ, ದೊಡ್ಡ ಚಕ್ರ ಬರುವ ಜಾಗದ ಕೆಳಗೆ ಅಡ್ಡಲಾಗಿ ಒಂದು ಪೆನ್ಸಿಲ್ ಇಡಬೇಕು. ಮೂಗಿನ ಮೇಲೆ ಟೇಪಿನ ತುಂಡಲ್ಲಿ ಒಂದೊಂದೇ ಬಾಲ್ ಅಂಟಿಸುತ್ತ ಹೋದರೆ ಒಂದು ಹಂತದಲ್ಲಿ ಮೂಗು ಬಾಗುತ್ತದೆ. ಅದರ ಮೇಲೆ ಇನ್ನೆರಡು ಸೇರಿಸಬೇಕು, ಯಾಕೆಂದರೆ ಮೂಗಿನ ಹೊರಗೆ ಅಂಟಿಸಿದ ತೂಕ ಒಳಗೆ ಹೋಗುವಾಗ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಹಿಂದುಗಡೆ ಬಣ್ಣದ ಭಾರವೂ ಕೂಡುತ್ತದೆ. ಹತ್ತು ಹಾಕಿದರೆ ಇನ್ನೂ ಭದ್ರ ಅನ್ನುವ ಉದಾರತನ ಬೇಡ. ಆ ಭಾರವನ್ನು ಹೊರುವುದು ಬೆಂಕಿಕಡ್ಡಿಗಿಂತ ತೆಳ್ಳಗಿನ ಕಾಲು, ವರ್ಷ ಕಳೆದಂತೆ ಅದು ಬಾಗುತ್ತದೆ.

ಬಾಲ್ಸನ್ನು ಎರಡು ಟ್ಯೂಬಿನ ಎಪಾಕ್ಸಿ ಕಲಸಿ ಕೂರಿಸುವುದು ವಾಸಿ. ಸೀಸದ ಗುಂಡನ್ನು ಬಿಳಿ ಅಂಟಿನಲ್ಲಿ ಮುಳುಗಿಸಿಟ್ಟರೆ ಕ್ರಮೇಣ ಸೀಸ ಪುಡಿಗಟ್ಟಿ ಉಬ್ಬಿ, ಅಂಟಿಸಿದ ಮೂಗು ಬಿರುಕು ಬಿಡುತ್ತದೆ. ಅಲುಗಾಡುವ ಬಾಲ್ ಕೂಡ ಬೇಡ. ವಿಮಾನ ಎತ್ತಿದಾಗೆಲ್ಲ ಒಳಗೆ ಗಲಗಲ ಅಂದರೆ ಮನೆಯ ಮಕ್ಕಳು ಅದನ್ನು ಗಿಲಕಿ ಮಾಡಿಕೊಳ್ಳುತ್ತಾರೆ.

ಎರಡನೇ ತಲೆನೋವು ಬೂಮ್‌ಗಳು. ಸೂಚನಾಪತ್ರದಲ್ಲಿ ಎಡ ಬೂಮ್, ಬಲ ಬೂಮ್, ಆಮೇಲೆ ನಡುವಿನ ಬಾಲದ ಹಲಗೆ ಅಂತ ಸಾಲಾಗಿ ಬರೆದಿದ್ದರೂ ಅದನ್ನು ವೇದವಾಕ್ಯ ಅಂದುಕೊಳ್ಳಬಾರದು. ಬೂಮ್‌ಗಳೆರಡೂ ಒಣಗಿ ಗಟ್ಟಿಯಾದ ಮೇಲೆ ಬಾಲದ ಹಲಗೆ ಒಂದು ಮಿಲಿಮೀಟರ್ ಗಿಡ್ಡವಾದರೆ ಮಾಡುವಂಥದ್ದೇನೂ ಉಳಿದಿರುವುದಿಲ್ಲ. ಒಂದು ಮಿಲಿಮೀಟರ್ ಅಂದರೆ ಅಸಲಿ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕಿ. ಗ್ರಾಫ್ ಹಾಳೆಯ ಮೇಲೆ ನಡುಗೆರೆ, ಅದಕ್ಕೆ ಸಮಾನಾಂತರವಾಗಿ ಎರಡು ಬೂಮ್ ಗೆರೆ ಎಳೆದು, ಮೇಲೊಂದು ಗಾಜಿನ ಹಲಗೆ ಇಟ್ಟರೆ ಅಚ್ಚುಮಣೆ ಸಿದ್ಧ. ರೆಕ್ಕೆ, ಬೂಮ್, ಬಾಲ ಮೂರನ್ನೂ ನಿಧಾನಕ್ಕೆ ಒಣಗುವ ಟ್ಯೂಬ್ ಅಂಟಿನಲ್ಲಿ ಒಟ್ಟಿಗೇ ಕೂರಿಸಿ, ಗೆರೆಗೆ ಹೊಂದಿಸಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಬೇಕು. ಬಾಲದ ಹಲಗೆ ರೆಕ್ಕೆಗೆ ಓರೆಯಾಗಿದ್ದರೆ ಆಗಲೇ ಗೊತ್ತಾಗುತ್ತದೆ, ತಿದ್ದುವುದಕ್ಕೆ ಇನ್ನೂ ಐದಾರು ನಿಮಿಷ ಇರುತ್ತದೆ.

ಉಳಿದ ಕೂಡುಗಳಿಗೆ ನೀರಿನಂಥ ತೆಳು ಸಿಮೆಂಟೇ ಮೇಲು. ಅದು ಅಂಟಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕ. ಹೋಳುಗಳನ್ನು ಒತ್ತಿಹಿಡಿದು ಬ್ರಷ್ ಮುಟ್ಟಿಸಿದರೆ ಸಾಕು, ಸಂದಿಯುದ್ದಕ್ಕೂ ತಾನೇ ಓಡುತ್ತದೆ. ಬೆರಳು ಸಂದಿಯ ಮೇಲಿದ್ದರೆ ಬೆರಳಿನ ಅಡಿಗೂ ಓಡುತ್ತದೆ, ಆಗ ವಿಮಾನದ ಮೈಮೇಲೆ ಹೆಬ್ಬೆಟ್ಟಿನ ಸಹಿ. ಗಾಬರಿಯಲ್ಲಿ ಒರೆಸಿದರೆ ಇನ್ನೂ ಹಾಳು. ಒಂದು ದಿನ ಹಾಗೇ ಬಿಟ್ಟು, ಗಟ್ಟಿಯಾದ ಮೇಲೆ ನೀರು ಹಾಕಿ ಉಜ್ಜುವ ಮರಳುಕಾಗದ, ಅಂದರೆ ವಾಟರ್ ಪೇಪರಿನಲ್ಲಿ ಉಜ್ಜಿದರೆ ಹೋಗುತ್ತದೆ.

ಈ ಉಜ್ಜುವ ಕೆಲಸವೇ ವ್ಯಾಂಪೈರ್‌ನಲ್ಲಿ ಬಹುಪಾಲು. ಇದು ಜೆಟ್ ವಿಮಾನವಾದರೂ ಹೊಟ್ಟೆ ಮರದ್ದು: ನಡುವೆ ಬಾಲ್ಸಾ ಮರ, ಎರಡೂ ಕಡೆ ಪ್ಲೈವುಡ್. ಅದೇ ಕಂಪನಿಯ ಮಸ್ಕಿಟೊ ವಿಮಾನದ ವಿದ್ಯೆ ಇಲ್ಲಿಗೂ ಬಂತು. ರೆಕ್ಕೆ ಮತ್ತು ಬೂಮ್ ಮಾತ್ರ ಲೋಹ. ಅಂದರೆ ಹೊಟ್ಟೆಯ ಮೇಲೆ ತಗಡಿನ ಕೂಡುಗೆರೆಗಳಿಲ್ಲ, ರಿವೆಟ್ ಇಲ್ಲ. ಬಾಗಿಲು, ಮುಚ್ಚಳಗಳ ಗೆರೆ ಮಾತ್ರ. ಬೇರೆ ವಿಮಾನದಲ್ಲಾದರೆ ಹೋಳು ಕೂಡಿದ ಗೆರೆಯನ್ನು ತಗಡಿನ ಗೆರೆ ಅಂತ ನಂಬಿಸಬಹುದು. ಇಲ್ಲಿ ಆ ಸಬೂಬು ನಡೆಯುವುದಿಲ್ಲ. ಮೂಗಿನ ನಡುಗೆರೆ ಪೂರ್ತಿ ಮಾಯವಾಗಬೇಕು.

ಜೆಸಿ ರೋಡಿನ ಕಾರು ಬಣ್ಣದ ಅಂಗಡಿಯಲ್ಲಿ ಸಿಗುವ, ಸಂದಿ ತುಂಬುವ ಎನ್‌ಸಿ ಪುಟ್ಟಿ ಇದಕ್ಕೆ ನಡೆಯುತ್ತದೆ, ಆದರೆ ಕೂದಲೆಳೆಯಷ್ಟು ತೆಳುವಾಗಿ. ದಪ್ಪಗೆ ಮೆತ್ತಿದರೆ ಅದರೊಳಗಿನ ಥಿನ್ನರ್ ಹೊರಬರಲಾರದೆ ಕೆಳಗಿನ ಪ್ಲಾಸ್ಟಿಕ್ಕನ್ನೇ ತಿಂದು ಗುಳಿ ಮಾಡುತ್ತದೆ. ಅದೇ ಅಂಗಡಿಯ ವಾಟರ್ ಪೇಪರಿನಲ್ಲಿ ತರಿಯಾದ 400ನೇ ನಂಬರಿನಿಂದ ಶುರುಮಾಡಿ ನುಣುಪಿನ ಕಡೆಗೆ 800, 1200 ಅಂತ ಏರುತ್ತ ಹೋಗಬೇಕು. 400ರ ಗೀರನ್ನು 1200 ಒಂದೇ ನೆಗೆತಕ್ಕೆ ಅಳಿಸುವುದಿಲ್ಲ, ನಡುವಿನ ಮೆಟ್ಟಿಲು ಹಾರಿಸಿದವರೆಲ್ಲ ಬಣ್ಣ ಬಳಿದ ಮೇಲೆ ಮತ್ತೆ ಕೆಳಗಿಳಿದಿದ್ದಾರೆ.

ಕೂಡುಗೆರೆಗಳ ಬಗ್ಗೆ ಇನ್ನೊಂದು ತಕರಾರು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ ಮಾರುತ್ ಜೆಟ್ಟನ್ನು ಹತ್ತು ಹೆಜ್ಜೆ ದೂರದಿಂದ ನೋಡಿ, ತಗಡಿನ ಗೆರೆ ಎಷ್ಟು ಮಸುಕು ಅಂತ. ಕಿಟ್‌ನಲ್ಲಿ ಕೊರೆದ ಗೆರೆ ಕಾಲು ಮಿಲಿಮೀಟರ್ ಅಗಲವಿದ್ದರೆ ಅಸಲಿ ಲೆಕ್ಕದಲ್ಲಿ 18 ಮಿಲಿಮೀಟರ್, ಬೆರಳು ತೂರುವಷ್ಟು. ಅದಕ್ಕೆ ಮತ್ತೆ ಕಪ್ಪು ಬಣ್ಣ ಇಳಿಸಿ ಎದ್ದು ಕಾಣಿಸುವುದು ಈಗಿನ ಫ್ಯಾಷನ್. ವ್ಯಾಂಪೈರ್‌ನ ಮರದ ಹೊಟ್ಟೆಗೆ ಅದು ಅನ್ಯಾಯ, ಲೋಹದ ರೆಕ್ಕೆಗೂ ತೆಳು ಬೂದು ಸಾಕು.

ಬೆಳ್ಳಿ ಬಣ್ಣ ಆರಿಸಿಕೊಂಡವರಿಗೆ ದೇವರೇ ಗತಿ. ಮರದ ಹೊಟ್ಟೆ ಆದ್ದರಿಂದ ಬರಿ ಲೋಹದ ಹೊಳಪು ಇದಕ್ಕೆ ಸಲ್ಲದು, ಇದ್ದದ್ದು ಬಳಿದ ಬೆಳ್ಳಿ. ಬೇರೆ ಬಣ್ಣ ಮುಚ್ಚಿಡುವ ಗೀರನ್ನೂ ಬೆಳ್ಳಿ ಊರಿಗೆಲ್ಲ ಸಾರುತ್ತದೆ. ಮೊದಲು ಹೊಳಪಿನ ಕಪ್ಪು ಬಳಿದು ಬೆಳಕಿಗೆ ಹಿಡಿದು ತಪ್ಪು ಹುಡುಕಿ ಮುಗಿಸಿ, ಆಮೇಲೆ ಬೆಳ್ಳಿಗೆ ಕೈಹಾಕುವುದು ಕ್ಷೇಮ. ಬೆಳ್ಳಿ ತೊಳೆದ ಥಿನ್ನರ್ ಬಾಟಲಿ ಬೇರೆಯೇ ಇರಲಿ. ಅದರ ತಳದಲ್ಲಿ ಉಳಿದ ಮಿನುಗು ಮುಂದಿನ ತಿಂಗಳು ಪೈಲಟ್ಟಿನ ಸೀಟಿನ ಮೇಲೆ ಮಿಂಚುತ್ತದೆ.

ಬೆಂಗಳೂರಿನ ಹವೆಯೂ ಇದರಲ್ಲಿ ಪಾಲುದಾರ. ಜಿಟಿಜಿಟಿ ಮಳೆಯ ದಿನ ಹೊಳಪಿನ ಲ್ಯಾಕರ್ ಸ್ಪ್ರೇ ಮಾಡಿದರೆ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಬ್ಬು ಕವಿಯುತ್ತದೆ. ಬಿಸಿಲು ಬಂದು ಗಾಳಿ ಒಣಗುವವರೆಗೆ ಕಾಯುವುದೇ ಮದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ: ಅಕ್ರಿಲಿಕ್ ಬಣ್ಣ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗುತ್ತದೆ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಒಂದೆರಡು ಹನಿ ಬೇಕು.

ನೀರಿನ ವಿಷಯವೂ ಇದೆ. ಡೀಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಗುರುತಿನ ಚಿತ್ರ) ನೆನೆಸಲು ಬೋರ್ ನೀರು ಬಳಸಿದರೆ ಒಣಗಿದ ಮೇಲೆ ಸುತ್ತ ಸುಣ್ಣದ ಕಲೆ, ಬೆಳ್ಳಿಯ ಮೇಲಂತೂ ಢಾಳಾಗಿ. ಕಾವೇರಿ ನೀರು ಪರವಾಗಿಲ್ಲ, ಫಿಲ್ಟರ್ ನೀರು ಇನ್ನೂ ಒಳ್ಳೆಯದು. ಅರ್ಧ ನಿಮಿಷ ನೆನೆಸಿ, ಹೊರಗಿಟ್ಟು, ಕಾಗದದ ಮೇಲೆ ತಾನಾಗಿ ಜಾರುವವರೆಗೆ ಕಾಯಬೇಕು. ವಾಯುಪಡೆಯ ಗುರುತಿನ ದುಂಡುಚಿತ್ರ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ತೆಳು ಡೀಕಾಲಿನಲ್ಲಿ ಕೇಸರಿಯ ಕೆಳಗಿನ ಬೆಳ್ಳಿ ಇಣುಕಿ ಬಣ್ಣ ಮಂಕಾಗುತ್ತದೆ. ಅದೇ ಅಳತೆಯ ಬಿಳಿ ವೃತ್ತ ಮೊದಲು ಬಳಿದುಕೊಂಡರೆ ಕೇಸರಿ ಕೇಸರಿಯಾಗಿಯೇ ಉಳಿಯುತ್ತದೆ. ಒರಟು ಮೇಲ್ಮೈಯ ಮೇಲೆ ಡೀಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಮಂಜು ಹಿಡಿದಂತೆ ಕಾಣುತ್ತದೆ. ಹೊಳಪಿನ ವಾರ್ನಿಷ್ ಮೊದಲು, ಡೀಕಾಲ್ ಆಮೇಲೆ.

ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳಕ್ಕೆ ಸೂಪರ್ ಗ್ಲೂ ಬೇಡ, ಅದರ ಆವಿ ಕೂತು ಒಳಗಿನಿಂದ ಮಬ್ಬಾಗುತ್ತದೆ, ಒರೆಸಲು ದಾರಿಯಿಲ್ಲ. ಮರಗೆಲಸದ ಬಿಳಿ ಅಂಟು ಪಾರದರ್ಶಕವಾಗಿ ಒಣಗುತ್ತದೆ. ಚಕ್ರದ ಬಾಗಿಲುಗಳಂಥ ಸಣ್ಣ ಚೂರುಗಳನ್ನು ಕತ್ತರಿಸುವಾಗ ತೊಡೆಯ ಮೇಲೊಂದು ಬಿಳಿ ಪಂಚೆ ಹರವಿಕೊಂಡರೆ ಒಳ್ಳೆಯದು. ಹಳೆಯ ಮನೆಗಳ ಮೊಸಾಯಿಕ್ ನೆಲಕ್ಕೆ ಬಿದ್ದ ಬೂದು ಪ್ಲಾಸ್ಟಿಕ್ ಚೂರು ಸಿಕ್ಕುವುದು ಮರುದಿನ ಗುಡಿಸುವವರ ಕಣ್ಣಿಗೆ, ಅದೂ ಅವರಿಗೆ ಅದು ಕಸವಲ್ಲ ಅಂತ ಅನ್ನಿಸಿದರೆ.

ಮುಗಿದ ವಿಮಾನವನ್ನು ಗಾಜಿನ ಬೀರುವಿನಲ್ಲಿಡಿ, ಧೂಳಿಗೆ ಮೇಕಪ್ಪಿನ ಮೆತ್ತನೆ ಬ್ರಷ್ ಸಾಕು. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪಿನ ಜೊತೆ ಇದಕ್ಕೂ ಕುಂಕುಮ ಇಡುವ ಉತ್ಸಾಹ ಮನೆಯಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಮ್ಯಾಟ್ ವಾರ್ನಿಷ್ಷಿನ ಒರಟಿನಲ್ಲಿ ಕುಂಕುಮ ಕೂತರೆ ಬಿಡುವುದಿಲ್ಲ. ಬೊಟ್ಟನ್ನು ಮರದ ಸ್ಟ್ಯಾಂಡಿಗೆ ಇಡಲು ಹೇಳಿ, ಹೂವು ಕೂಡ ಅಲ್ಲಿಗೇ. ಮೂಗಿನ ಮೇಲೆ ಚೆಂಡುಹೂವು ಇಟ್ಟರೆ ಆ ಬೆಂಕಿಕಡ್ಡಿ ಕಾಲಿಗೆ ಕಷ್ಟ.